ಫ್ಲೈಯಿಂಗ್ ಡಾಗ್ ಬಿಯರಿನ ಲೇಬಲ್ಲುಗಳು: ಚಿತ್ರಕ್ಕೆ ಪೂರ್ಣಾಂಕ, ಅಕ್ಷರಕ್ಕೆ ಅರ್ಧ

ಚಿತ್ರಗಾರ ರಾಲ್ಫ್ ಸ್ಟೆಡ್‌ಮನ್ ಅವರು ಅಮೆರಿಕದ ಬಿಯರ್ ತಯಾರಿಕಾ ಸಂಸ್ಥೆಯಾದ ಫ್ಲೈಯಿಂಗ್ ಡಾಗ್ ಬ್ರೂವರಿಗೆ ಬರೆದುಕೊಟ್ಟ ಬಿಯರ್ ಲೇಬಲ್ಲುಗಳನ್ನು ಕಲಾಕೃತಿಗಳೆಂದು ಹೊಗಳಿದವರು ಬೇಕಾದಷ್ಟು ಮಂದಿ ಇದ್ದಾರೆ. ಅಂಗಡಿಯ ಕಪಾಟಿನಲ್ಲಿ, ಒದ್ದೆಯಾದ ಬಾಟಲಿಯ ಮೇಲೆ, ಬಾರಿನ ಮಬ್ಬು ಬೆಳಕಿನಲ್ಲಿ ಅವು ಲೇಬಲ್ಲಿನ ಕೆಲಸವನ್ನು ಎಷ್ಟರಮಟ್ಟಿಗೆ ಮಾಡಿವೆ ಎಂದು ನೋಡಿದವರು ಕಡಿಮೆ. ಪ್ಯಾಕೇಜಿಂಗ್ ವಿನ್ಯಾಸವೇ ನನ್ನ ಕಸುಬಾದ್ದರಿಂದ ಈ ಎರಡನೆಯ ಪ್ರಶ್ನೆಯೇ ನನಗೆ ಮುಖ್ಯ. ಬಿಯರಿನ ರುಚಿಯ ಮಾತು ಈ ಬರಹದಲ್ಲಿ ಬರುವುದಿಲ್ಲ. ಕಾಗದ, ಮಸಿ, ಅಕ್ಷರ, ಮತ್ತು ಬಾಟಲಿಯ ಜೊತೆಗೆ ಬಂದ ಪೋಸ್ಟರು, ಗ್ಲಾಸಿನ ಕೆಳಗಿಡುವ ಕೋಸ್ಟರು, ರಟ್ಟಿನ ಡಬ್ಬಗಳಷ್ಟೇ ಇಲ್ಲಿನ ವಿಷಯ. ಸ್ಟೆಡ್‌ಮನ್ ಅವರ ಚಿತ್ರಗಳು ಒಂದು ಸಣ್ಣ ಬ್ರೂವರಿಗೆ ಯಾವ ಜಾಹೀರಾತೂ ಕೊಡಲಾರದಂತಹ ಮುಖವನ್ನು ಕೊಟ್ಟವು, ಆದರೆ ಒಂದು ಬಿಯರನ್ನು ಇನ್ನೊಂದರಿಂದ ಬೇರ್ಪಡಿಸಿ ತೋರಿಸುವ ಕೆಲಸದಲ್ಲಿ ಹಲವು ಕಡೆ ಸೋತವು ಎಂಬುದು ನನ್ನ ಅಭಿಪ್ರಾಯ.

ಹಿನ್ನೆಲೆಯನ್ನು ಸ್ವಲ್ಪ ಹೇಳಬೇಕು. 1990ರಲ್ಲಿ ಕೊಲರಾಡೋದ ಆಸ್ಪೆನ್ ಎಂಬ ಬೆಟ್ಟದೂರಿನಲ್ಲಿ ಬ್ರೂಪಬ್ ಆಗಿ, ಅಂದರೆ ಬಿಯರನ್ನು ಅಲ್ಲೇ ತಯಾರಿಸಿ ಬಡಿಸುವ ಬಾರ್ ಆಗಿ ಆರಂಭವಾದ ಈ ಸಂಸ್ಥೆಯ ಸ್ಥಾಪಕರಲ್ಲಿ ಒಬ್ಬರಾದ ಜಾರ್ಜ್ ಸ್ಟ್ರಾನಹನ್ ಅವರು 1983ರಲ್ಲಿ ಕೆ2 ಶಿಖರದ ಕಡೆಗೆ ಚಾರಣ ಹೋಗಿದ್ದಾಗ ರಾವಲ್ಪಿಂಡಿಯ ಹೋಟೆಲೊಂದರ ಗೋಡೆಯ ಮೇಲೆ ನೆಲ ಬಿಟ್ಟು ಹಾರುತ್ತಿರುವಂತೆ ಕಾಣುವ ನಾಯಿಯ ಚಿತ್ರವೊಂದನ್ನು ಕಂಡರಂತೆ. ಹೆಸರು ಹುಟ್ಟಿದ್ದು ಅಲ್ಲಿ. ಆಸ್ಪೆನ್ ಬಳಿ ಸ್ಟ್ರಾನಹನ್ ಅವರ ನೆರೆಯವರಾಗಿದ್ದವರು ಪತ್ರಕರ್ತ ಹಂಟರ್ ಥಾಂಪ್ಸನ್. ಥಾಂಪ್ಸನ್ ಅವರ ವರದಿಗಳಿಗೆ 1970ರಿಂದಲೂ ಚಿತ್ರ ಬರೆಯುತ್ತಿದ್ದವರು ಇಂಗ್ಲೆಂಡಿನ ಸ್ಟೆಡ್‌ಮನ್. ಈ ಸ್ನೇಹದ ದಾರಿಯಲ್ಲೇ ಚಿತ್ರಗಾರರು ಬಿಯರಿನ ಬಾಟಲಿಗೆ ಬಂದು ಸೇರಿದರು, ಮತ್ತು 1995ರ ರೋಡ್ ಡಾಗ್ ಲೇಬಲ್ಲಿನಿಂದ ಆರಂಭಿಸಿ ಮುಂದಿನ ಎರಡು ದಶಕಗಳಿಗೂ ಹೆಚ್ಚು ಕಾಲ ಆ ಸಂಸ್ಥೆಯ ಕೈಬರಹವೇ ಆಗಿಬಿಟ್ಟರು. ಮಾರುಕಟ್ಟೆ ಸಮೀಕ್ಷೆ ಮಾಡಿಸಿ ಚಿತ್ರಗಾರರನ್ನು ಹುಡುಕುವ ಇಂದಿನ ಪದ್ಧತಿಯಲ್ಲಿ ಇಂತಹ ಜೋಡಿ ಕೂಡುವುದು ಕಷ್ಟ.

ಈಗ ಲೇಬಲ್ಲನ್ನು ಹತ್ತಿರದಿಂದ ನೋಡೋಣ. ಸ್ಟೆಡ್‌ಮನ್ ಅವರ ಗೆರೆ ಲೋಹದ ನಿಬ್ಬಿನಿಂದ ತೆಳುವಾಗಿ, ಒಂದು ಗೀರಿನಂತೆ ಶುರುವಾಗುತ್ತದೆ. ಪ್ರಾಣಿಯ ದವಡೆಯ ಬಳಿಗೆ ಬರುವಷ್ಟರಲ್ಲಿ ದಪ್ಪಗಾಗಿ, ಹಲ್ಲಿನ ಸಾಲಿನಲ್ಲಿ ಚೂಪಾಗಿ ಒಡೆದು, ಕೊನೆಗೆ ಒಗ್ಗರಣೆಯ ಸಾಸಿವೆ ಸಿಡಿದಂತೆ ಕಪ್ಪು ಚುಕ್ಕೆಗಳಾಗಿ ಹಾಳೆಯ ತುಂಬ ಚೆಲ್ಲಿಹೋಗುತ್ತದೆ. ಈ ಚಿಮ್ಮುವಿಕೆ ಅಲಂಕಾರವಲ್ಲ. ಬಿಳಿ ಹಾಳೆಯ ಮೇಲೆ ಮೊದಲು ಮಸಿಯನ್ನು ಎರಚಿ, ಆ ಕಲೆಯಲ್ಲಿ ಯಾವ ಆಕೃತಿ ಅಡಗಿದೆಯೆಂದು ನೋಡಿ, ಅದರಿಂದ ಮುಖವನ್ನು ಹೊರಗೆಳೆಯುವುದು ಅವರ ಕೆಲಸದ ಕ್ರಮವೇ ಆಗಿದೆ. ಹಾಗಾಗಿ ಸ್ನೇಕ್ ಡಾಗ್, ರೇಜಿಂಗ್ ಬಿಚ್ ಮುಂತಾದ ಹೆಸರುಗಳಿಗೆ ಅವರು ಬರೆದ ಪ್ರಾಣಿಗಳು ಬಿಯರಿಗೆ ಹಾಕುವ ಹಾಪ್ಸ್ ಬಳ್ಳಿಯನ್ನೋ ಬಾರ್ಲಿಯ ತೆನೆಯನ್ನೋ ಹಿಡಿದು ನಗುತ್ತ ನಿಲ್ಲುವುದಿಲ್ಲ. ಕಣ್ಣು ಹೊರಚಾಚಿ, ನಾಲಗೆ ಚೆಲ್ಲಿ, ನೋಡುವವನ ಮೇಲೆಯೇ ಬೀಳುವಂತಿರುತ್ತವೆ. ಬಾಟಲಿಯ ಒಳಗೇನಿದೆ ಎಂಬುದನ್ನು ವರ್ಣಿಸಲು ಹೋಗದೆ ಅದಕ್ಕೊಂದು ಸ್ವಭಾವವನ್ನು ಕೊಟ್ಟದ್ದು ಈ ಲೇಬಲ್ಲುಗಳ ದೊಡ್ಡ ಗೆಲುವು. ಹತ್ತು ಅಡಿ ದೂರದಿಂದಲೇ ಇದು ಯಾವ ಸಂಸ್ಥೆಯ ಬಾಟಲಿ ಎಂದು ಹೇಳಿಬಿಡಬಹುದು.

ಯಾವ ಸಂಸ್ಥೆಯದು ಎಂದು ಹೇಳಬಹುದೇ ಹೊರತು ಯಾವ ಬಿಯರ್ ಎಂದು ಹೇಳುವುದು ಅಷ್ಟು ಸುಲಭವಲ್ಲ. ನನ್ನ ದೂರು ಇರುವುದು ಇಲ್ಲಿ. ಬಿಯರಿನ ಹೆಸರನ್ನೂ ಸ್ಟೆಡ್‌ಮನ್ ಅವರ ಕೈಬರಹದಲ್ಲೇ ಇಡುವ ನಿರ್ಧಾರ ಚಿತ್ರಕ್ಕೆ ನ್ಯಾಯ ಒದಗಿಸಿತು, ಏಕೆಂದರೆ ಅಚ್ಚುಕಟ್ಟಾದ ಟೈಪನ್ನು ಆ ಮಸಿಯ ಪಕ್ಕದಲ್ಲಿ ಕೂರಿಸಿದರೆ ಎರಡೂ ಕೆಡುತ್ತವೆ. ಆದರೆ ಏರಿಳಿಯುವ ಆ ಅಕ್ಷರಗಳು ಚಿತ್ರದ ಗೆರೆಗಳಲ್ಲಿ ಬೆರೆತುಹೋಗುತ್ತವೆ. ಪೋರ್ಟರೋ, ಲಾಗರೋ, ಐಪಿಎಯೋ, ಯಾವ ಬಗೆಯ ಬಿಯರ್ ಎಂಬುದನ್ನು ತಿಳಿಯಲು ಗ್ರಾಹಕನು ಬಾಟಲಿಯನ್ನು ಕೈಗೆತ್ತಿಕೊಂಡು ಕಣ್ಣು ಕಿರಿದಾಗಿಸಿ ಓದಬೇಕು. ಬಾಟಲಿಯನ್ನು ಕೈಗೆತ್ತಿಕೊಳ್ಳುವಂತೆ ಮಾಡುವುದೇ ಅರ್ಧ ವ್ಯಾಪಾರ ಎಂದು ವಾದಿಸುವವರಿದ್ದಾರೆ, ಅದರಲ್ಲಿ ಹುರುಳೂ ಇದೆ. ಆದರೆ ಕೌಂಟರಿನ ಆಚೆ ಇರುವ ಫ್ರಿಜ್ಜಿನತ್ತ ಬೆರಳು ತೋರಿಸಿ ಕೊಳ್ಳಬೇಕಾದ ಅಂಗಡಿಗಳಲ್ಲಿ ಆ ವಾದ ನಿಲ್ಲುವುದಿಲ್ಲ. ಎಲ್ಲ ಬಿಯರುಗಳಿಗೂ ಒಂದೇ ಕೈ, ಒಂದೇ ಆವೇಶ ಇರುವಾಗ ಬಣ್ಣದ ಹಿನ್ನೆಲೆಯೊಂದೇ ವ್ಯತ್ಯಾಸವನ್ನು ಹೊರಬೇಕಾಗುತ್ತದೆ, ಮತ್ತು ಬಾರಿನ ಹಳದಿ ಬೆಳಕಿನಲ್ಲಿ ಬಣ್ಣವನ್ನು ನಂಬುವಂತಿಲ್ಲ.

ಬಾಟಲಿಯ ಆಕಾರವೂ ಒಂದು ಸಮಸ್ಯೆ. ದುಂಡನೆಯ ಬಾಟಲಿಯ ಮೇಲೆ ಒಂದು ನೋಟಕ್ಕೆ ಕಾಣುವುದು ಸುತ್ತಳತೆಯ ಮೂರನೆಯ ಒಂದು ಭಾಗಕ್ಕಿಂತ ಹೆಚ್ಚಿಲ್ಲ. ಕೈಕಾಲು, ರೆಕ್ಕೆ, ಬಾಲಗಳನ್ನು ನಾಲ್ಕೂ ದಿಕ್ಕಿಗೆ ಚಾಚುವ ಚಿತ್ರವನ್ನು ಅಷ್ಟರೊಳಗೆ ಹಿಡಿಸಲು ಕುಗ್ಗಿಸಬೇಕು, ಕುಗ್ಗಿಸಿದಾಗ ಸಣ್ಣ ಚುಕ್ಕೆಗಳು ಮುದ್ರಣದ ಚುಕ್ಕೆಗಳ ಜೊತೆ ಸೇರಿ ಮಾಯವಾಗುತ್ತವೆ. ಆಫ್‌ಸೆಟ್‌ನಲ್ಲಿ ಅಚ್ಚಾದ ಕಾಗದದ ಲೇಬಲ್ಲುಗಳು ಈ ಪರೀಕ್ಷೆಯನ್ನು ಬಹುಮಟ್ಟಿಗೆ ಗೆದ್ದಿವೆ. ಕಪ್ಪು ಗೆರೆ ಕಪ್ಪಾಗಿಯೇ ಉಳಿದಿದೆ. ಅಲ್ಯೂಮಿನಿಯಂ ಕ್ಯಾನಿನ ಕತೆ ಬೇರೆ. ಕ್ಯಾನಿನ ಮೇಲೆ ನೇರವಾಗಿ ಮುದ್ರಿಸುವ ಡ್ರೈ ಆಫ್‌ಸೆಟ್ ಕ್ರಮದಲ್ಲಿ ಪ್ರತಿ ಬಣ್ಣದ ಪ್ಲೇಟೂ ತನ್ನ ಮಸಿಯನ್ನು ಒಂದೇ ರಬ್ಬರ್ ಬ್ಲಾಂಕೆಟ್ಟಿನ ಮೇಲೆ ಇಳಿಸಿ, ಅಲ್ಲಿಂದ ಎಲ್ಲ ಬಣ್ಣಗಳೂ ಒಟ್ಟಿಗೆ ಲೋಹದ ಮೇಲೆ ಹತ್ತುತ್ತವೆ. ಬಣ್ಣದ ಮೇಲೆ ಬಣ್ಣ ಬಿದ್ದರೆ ಹಸಿಮಸಿಗಳು ಕಲಸಿಹೋಗುವುದರಿಂದ ಅವುಗಳನ್ನು ಅಕ್ಕಪಕ್ಕದಲ್ಲಿ, ನಡುವೆ ಕೂದಲೆಳೆಯ ಅಂತರವಿಟ್ಟು ಕೂರಿಸಬೇಕು. ಜಲವರ್ಣದ ಹಾಗೆ ಒಂದರೊಳಗೊಂದು ಹರಿಯುವ ಸ್ಟೆಡ್‌ಮನ್ ಅವರ ಬಣ್ಣಕ್ಕೆ ಇದಕ್ಕಿಂತ ವಿರುದ್ಧವಾದ ಯಂತ್ರ ಇನ್ನೊಂದಿಲ್ಲ. ಕ್ಯಾನಿನ ಮೇಲೆ ಅವರ ಚಿತ್ರ ಸ್ವಲ್ಪ ಗಟ್ಟಿಯಾಗಿ, ಕತ್ತರಿಸಿ ಅಂಟಿಸಿದಂತೆ ಕಾಣುವುದು ಈ ಕಾರಣಕ್ಕೆ.

ಡೆನ್ಮಾರ್ಕಿನ ಮಿಕೆಲ್ಲರ್ ಸಂಸ್ಥೆಗೆ ಕೀತ್ ಶೋರ್ ಬರೆದ ಲೇಬಲ್ಲುಗಳನ್ನು ಇವುಗಳ ಪಕ್ಕದಲ್ಲಿಟ್ಟು ನೋಡಿದರೆ ಈ ಮಾತು ಸ್ಪಷ್ಟವಾಗುತ್ತದೆ. ಶೋರ್ ಅವರ ಸರಳ ಮುಖಗಳು, ಚಪ್ಪಟೆ ಬಣ್ಣಗಳು ಮತ್ತು ಖಾಲಿ ಜಾಗ ಯಾವ ಯಂತ್ರದಲ್ಲಿ ಹಾದುಬಂದರೂ ಕೆಡುವುದಿಲ್ಲ. ಲಂಡನ್ನಿನ ಬೀವರ್‌ಟೌನ್‌ಗೆ ನಿಕ್ ಡ್ವಯರ್ ಬರೆದ ತಲೆಬುರುಡೆಗಳ ಕ್ಯಾನುಗಳು ಲೋಹದ ಗುಣವನ್ನರಿತು, ಕ್ಯಾನಿನ ಸುತ್ತಲೂ ಹಬ್ಬುವಂತೆ ಬರೆದವು. ನ್ಯೂಯಾರ್ಕಿನ ಬ್ರೂಕ್ಲಿನ್ ಬ್ರೂವರಿಗೆ ಮಿಲ್ಟನ್ ಗ್ಲೇಸರ್ ಅವರು ಸಂಭಾವನೆಯ ಬದಲು ಸಂಸ್ಥೆಯಲ್ಲಿ ಪಾಲು ಪಡೆದು ಮಾಡಿಕೊಟ್ಟ ಒಂದೇ ಒಂದು ಬಿ ಅಕ್ಷರವಂತೂ ಬಾಟಲಿಯ ಮುಚ್ಚಳದಿಂದ ಲಾರಿಯ ಪಕ್ಕದವರೆಗೆ ಎಲ್ಲೆಡೆಯೂ ಸಲೀಸಾಗಿ ಕೂರುತ್ತದೆ. ಶಿಸ್ತಿನಲ್ಲಿ ಈ ಮೂವರೂ ಸ್ಟೆಡ್‌ಮನ್ ಅವರಿಗಿಂತ ಮೇಲು. ಆದರೂ ಗೋಡೆಗೆ ಹಾಕಿಕೊಳ್ಳಲು ಒಂದನ್ನು ಆರಿಸಿಕೊಳ್ಳಿ ಎಂದರೆ ನನ್ನ ಕೈ ಹೋಗುವುದು ಆ ಹುಚ್ಚುನಾಯಿಗಳ ಕಡೆಗೇ.

ಲೇಬಲ್ಲುಗಳು ಸರ್ಕಾರದೊಂದಿಗೆ ನಡೆಸಿದ ಜಗಳವನ್ನು ಬಿಟ್ಟು ಈ ವಿಮರ್ಶೆ ಪೂರ್ಣವಾಗದು. ಮೊದಲ ಲೇಬಲ್ಲಿನಲ್ಲೇ ಸ್ಟೆಡ್‌ಮನ್ ಒಂದು ಬೀದಿಯ ಬೈಗುಳವನ್ನು ಸೇರಿಸಿ ಬರೆದರು. ಕೊಲರಾಡೋದ ಅಧಿಕಾರಿಗಳು ಅದನ್ನು ತೆಗೆಯಿಸಿದರು. ಸಂಸ್ಥೆಯು ಆ ಪದದ ಜಾಗದಲ್ಲಿ ಸೆನ್ಸಾರ್ ಬೇಡವೆಂಬ ಅರ್ಥದ ಪದವನ್ನಿಟ್ಟು ಮಾರಾಟ ಮುಂದುವರಿಸಿ, 2001ರ ವೇಳೆಗೆ ಹಳೆಯ ಸಾಲನ್ನು ಮರಳಿ ಪಡೆಯಿತು. ರೇಜಿಂಗ್ ಬಿಚ್ ಲೇಬಲ್ಲಿಗೆ 2009ರಲ್ಲಿ ಮಿಷಿಗನ್ ರಾಜ್ಯದ ಮದ್ಯ ನಿಯಂತ್ರಣ ಆಯೋಗ ಅನುಮತಿ ನಿರಾಕರಿಸಿದಾಗ ಸಂಸ್ಥೆ 2011ರಲ್ಲಿ ಮೊಕದ್ದಮೆ ಹೂಡಿತು, ಆಯೋಗ ತನ್ನ ನಿರ್ಧಾರವನ್ನು ಹಿಂತೆಗೆದುಕೊಂಡಿತು, ಮತ್ತು ಕೊನೆಗೆ ದೊರೆತ ಪರಿಹಾರದ ಹಣದಿಂದ 2016ರಲ್ಲಿ ಅಮೆರಿಕದ ಸಂವಿಧಾನದ ವಾಕ್ ಸ್ವಾತಂತ್ರ್ಯದ ತಿದ್ದುಪಡಿಯ ಹೆಸರು ಹೊತ್ತ ಫಸ್ಟ್ ಅಮೆಂಡ್‌ಮೆಂಟ್ ಸೊಸೈಟಿ ಎಂಬ ಸಂಘವೇ ಹುಟ್ಟಿಕೊಂಡಿತು. ಚಳಿಗಾಲದ ಬಿಯರೊಂದರ ಲೇಬಲ್ಲಿನಲ್ಲಿ ಬೆಂಕಿಯ ಬಳಿ ಬೆತ್ತಲೆ ನಿಂತ ವ್ಯಂಗ್ಯಚಿತ್ರವನ್ನು ನಾರ್ತ್ ಕೆರೊಲೈನಾ ತಡೆದದ್ದು 2021ರಲ್ಲಿ. ಮರುವರ್ಷ ಫೆಡರಲ್ ನ್ಯಾಯಾಲಯ ಆ ನಿಯಮವೇ ಸಂವಿಧಾನಬಾಹಿರ ಎಂದಿತು. ಇವುಗಳಲ್ಲಿ ಕೆಲವು ಹೆಸರುಗಳು ಹೆಣ್ಣನ್ನು ಹಗುರಾಗಿ ಕಾಣುವಂಥವು ಎಂಬ ಆಕ್ಷೇಪ ನನಗೂ ಸರಿಯೆನಿಸುತ್ತದೆ. ಅಂಗಡಿಯಿಂದ ಲೇಬಲ್ಲನ್ನು ಕಿತ್ತುಹಾಕುವ ಅಧಿಕಾರ ಗುಮಾಸ್ತರಿಗೆ ಇರಬಾರದು ಎಂಬ ಸಂಸ್ಥೆಯ ವಾದವನ್ನು ಒಪ್ಪಿಕೊಂಡೇ ಈ ಮಾತನ್ನು ಹೇಳುತ್ತಿದ್ದೇನೆ.

ಕಾನೂನು ಕೇಳುವ ಎಚ್ಚರಿಕೆಯ ಸಾಲುಗಳನ್ನು ಇಲ್ಲಿ ಪಕ್ಕಕ್ಕೆ ಸರಿಸಿದ ರೀತಿ ಮೆಚ್ಚುವಂಥದ್ದು. ಅಮೆರಿಕದಲ್ಲಿ ಸಾಮಾನ್ಯ ಅಳತೆಯ 355 ಮಿಲಿಲೀಟರ್ ಬಾಟಲಿಗೆ ಆ ಅಕ್ಷರಗಳ ಎತ್ತರ 2 ಮಿಲಿಮೀಟರಿಗೆ ಕಡಿಮೆಯಿರಬಾರದು. ಬೇರೆ ಬರಹದಿಂದ ಅವು ಪ್ರತ್ಯೇಕವಾಗಿ, ಓದಲಾಗುವ ಹಿನ್ನೆಲೆಯ ಮೇಲೆ ಇರಬೇಕು. ನಮ್ಮಲ್ಲಿ ಆಹಾರ ಸುರಕ್ಷತಾ ಪ್ರಾಧಿಕಾರವಾದ ಎಫ್‌ಎಸ್‌ಎಸ್‌ಎಐಯ 2018ರ ನಿಯಮಗಳು 3 ಮಿಲಿಮೀಟರ್ ಕೇಳುತ್ತವೆ. ಅದರ ಜೊತೆಗೆ ಅಬಕಾರಿ ಇಲಾಖೆಯ ಅಂಟುಚೀಟಿ, ಯಾವ ರಾಜ್ಯದಲ್ಲಿ ಮಾರಾಟಕ್ಕೆ ಎಂಬ ಸಾಲು, ಎಂಆರ್‌ಪಿ ಎಲ್ಲವೂ ಸೇರಿದ ಮೇಲೆ ಚಿತ್ರಗಾರನಿಗೆ ಉಳಿಯುವ ಜಾಗವನ್ನು ಇಲ್ಲಿ ಲೇಬಲ್ ಮಾಡಿದವರೆಲ್ಲ ಬಲ್ಲರು. ಬೆಂಗಳೂರಿನ ಬ್ರೂಪಬ್ಬುಗಳಲ್ಲಿ ಬಿಯರು ಟ್ಯಾಂಕಿನಿಂದ ನೇರವಾಗಿ ಗ್ಲಾಸಿಗೆ ಬರುವುದರಿಂದ ಚಿತ್ರಗಾರರ ಕೆಲಸವೆಲ್ಲ ಕೋಸ್ಟರು, ಮೆನು ಮತ್ತು ಗೋಡೆಗಳ ಮೇಲೆ ನಡೆಯುತ್ತದೆ. ಮದ್ಯದ ಜಾಹೀರಾತಿಗೆ ಟಿವಿ ಮುಚ್ಚಿರುವ ದೇಶದಲ್ಲಿ ಆ ಒಂದು ರಟ್ಟಿನ ಬಿಲ್ಲೆಯ ಬೆಲೆ ಏನೆಂದು ಅವರಿಗೆ ಗೊತ್ತು.

ಫ್ಲೈಯಿಂಗ್ ಡಾಗ್‌ನ ಪ್ರಚಾರ ಸಾಮಗ್ರಿಯನ್ನು ನಾನು ಲೇಬಲ್ಲುಗಳಿಗಿಂತ ಮೇಲೆ ಇಡುವುದು ಈ ದೃಷ್ಟಿಯಿಂದಲೇ. ಪೋಸ್ಟರಿನಲ್ಲಿ ಚಿತ್ರಕ್ಕೆ ಉಸಿರಾಡಲು ಜಾಗ ಸಿಗುತ್ತದೆ. ಬಾಟಲಿಯ ಮೇಲೆ ಕಳೆದುಹೋಗಿದ್ದ ಸಣ್ಣ ಚುಕ್ಕೆಗಳೆಲ್ಲ ಮರಳಿ ಬರುತ್ತವೆ, ಮತ್ತು ಕೈಬರಹವು ಕಷ್ಟವಿಲ್ಲದೆ ಓದಿಸಿಕೊಳ್ಳುತ್ತದೆ. ಆರು ಬಾಟಲಿಗಳ ರಟ್ಟಿನ ಡಬ್ಬದ ಚಪ್ಪಟೆ ಮೈ ಬಾಟಲಿಯ ದುಂಡುತನ ಕಸಿದುಕೊಂಡದ್ದನ್ನೆಲ್ಲ ಹಿಂದಿರುಗಿಸುತ್ತದೆ, ಹಾಗಾಗಿ ಕಪಾಟಿನಲ್ಲಿ ನಿಜವಾಗಿ ವ್ಯಾಪಾರ ಮಾಡಿದ್ದು ಈ ಡಬ್ಬವೇ ಇರಬೇಕು ಎಂಬುದು ನನ್ನ ಊಹೆ. ಕೋಸ್ಟರುಗಳು ಮಾತ್ರ ಸಾಧಾರಣ: ನೀರು ಹೀರುವ ರಟ್ಟಿನ ಮೇಲೆ ನವಿರು ಗೆರೆ ಹರಡಿಕೊಳ್ಳುತ್ತದೆ, ಮತ್ತು ಗ್ಲಾಸು ಇಟ್ಟ ಕೂಡಲೇ ಚಿತ್ರದ ನಡುಭಾಗವೇ ಮುಚ್ಚಿಹೋಗುತ್ತದೆ. ಮುಖವನ್ನು ನಡುವೆ ಇಡದೆ ಅಂಚಿನಿಂದ ಇಣುಕುವಂತೆ ಮಾಡಿದ್ದರೆ ಸ್ಟೆಡ್‌ಮನ್ ಅವರ ಹಾಸ್ಯಕ್ಕೆ ಅದೇ ಹೆಚ್ಚು ಒಗ್ಗುತ್ತಿತ್ತು.

2006ರಲ್ಲಿ ಮೇರಿಲ್ಯಾಂಡಿನ ಫ್ರೆಡರಿಕ್ ಊರಿನಲ್ಲಿ ಘಟಕವನ್ನು ಕೊಂಡು ಕ್ರಮೇಣ ಅಲ್ಲಿಗೇ ನೆಲೆ ಬದಲಿಸಿದ್ದ ಸಂಸ್ಥೆಯನ್ನು 2023ರಲ್ಲಿ ನ್ಯೂಯಾರ್ಕ್ ರಾಜ್ಯದ ಯುಟಿಕಾದ ಎಫ್.ಎಕ್ಸ್. ಮ್ಯಾಟ್ ಬ್ರೂವರಿ ಕೊಂಡುಕೊಂಡಿತು, ಫ್ರೆಡರಿಕ್‌ನ ಘಟಕ ಅದೇ ವರ್ಷ ಮುಚ್ಚಿತು. ಆದ್ದರಿಂದ ಸಂಗ್ರಹಕ್ಕೆ ಕೊಳ್ಳುವವರು ಫ್ರೆಡರಿಕ್ ಕಾಲದ ಮತ್ತು ಅದಕ್ಕೂ ಹಿಂದೆ ಸಂಸ್ಥೆ ಕೊಲರಾಡೋದ ಡೆನ್ವರ್‌ನಲ್ಲಿದ್ದ ಕಾಲದ ಕಾಗದದ ಲೇಬಲ್ಲುಗಳನ್ನು ಹುಡುಕುವುದು ಒಳ್ಳೆಯದು. ಬಾಟಲಿಯಿಂದ ಕಿತ್ತದ್ದಕ್ಕಿಂತ ಅಂಟು ಕಾಣದ, ಬಳಸದೆ ಉಳಿದ ಹಾಳೆ ಸಿಕ್ಕರೆ ಕಪ್ಪು ಹೇಗಿತ್ತೆಂದು ತಿಳಿಯುತ್ತದೆ. ರಟ್ಟಿನ ಡಬ್ಬ ಸಿಕ್ಕರಂತೂ ಬಿಡಬಾರದು. ಕ್ಯಾನುಗಳಿಗೆ ದುಡ್ಡು ಹಾಕುವುದು ಬೇಡ.