ಶೂಟಿಂಗ್ ರೇಂಜಿಗೆ ಗನ್ ಒಯ್ಯೋ ಬ್ಯಾಗನ್ನ ಊರಿಗೆ ತರಬೇಡಿ: ಒಂದೇ ಒಂದು 9 ಎಂಎಂ ಗುಂಡಿಂದ ನನಗಾದ ಫಜೀತಿ

ಡಿಸೆಂಬರ್ ರಜಕ್ಕೆ ಊರಿಗೆ ಹೊರಟಿರೋ ಅಮೆರಿಕದ ಕನ್ನಡದವರಲ್ಲಿ ಯಾರ ಮನೇಲಾದ್ರೂ ಗನ್ ಇದ್ರೆ, ಪ್ಯಾಕಿಂಗ್ ಶುರು ಮಾಡೋಕೆ ಮುಂಚೆ ಇದನ್ನೊಂದು ಓದಿಬಿಡಿ. ಉದ್ದ ಇದೆ, ಗೊತ್ತು. ನನ್ನ ಏಳು ತಿಂಗಳು ಹೋಗಿದೆ ಇದಕ್ಕೆ, ನಿಮ್ಮ ಹತ್ತು ನಿಮಿಷ ಹೋದ್ರೆ ಹೋಗ್ಲಿ.

ನಾನಿರೋದು ಟೆಕ್ಸಸ್‌ನಲ್ಲಿ, ಡಲ್ಲಾಸ್ ಹತ್ರ. ಊರು ಸಾಗರದ ಕಡೆ. ಗ್ರೀನ್ ಕಾರ್ಡ್ ಬರೋವರೆಗೂ ಗನ್ ಅಂಗಡಿ ಮೆಟ್ಟಿಲು ಹತ್ತಿದವನಲ್ಲ, ಯಾಕಂದ್ರೆ ಎಚ್-1ಬಿ ಥರದ ವೀಸಾದಲ್ಲಿರೋರು ಗನ್ನಾಗ್ಲಿ ಗುಂಡಾಗ್ಲಿ ಇಟ್ಕೊಳ್ಳೋದು ಅಲ್ಲಿ ಫೆಡರಲ್ ಅಪರಾಧ, ಹಂಟಿಂಗ್ ಲೈಸೆನ್ಸ್ ಇದ್ರೆ ವಿನಾಯಿತಿ ಉಂಟು, ಅದನ್ನ ನಂಬ್ಕೊಂಡು ತಗೊಳ್ಳೋರೂ ಇದ್ದಾರೆ, ಅದು ಅವರವರ ಧೈರ್ಯ, ನನಗಂತೂ ಇರ್ಲಿಲ್ಲ. ಕಾರ್ಡ್ ಕೈಗೆ ಬಂದ್ಮೇಲೆ ಗನ್ ಕೊಳ್ಳೋರು ತುಂಬಬೇಕಾದ 4473 ಫಾರ್ಮ್ ತುಂಬಿ, ಬ್ಯಾಕ್‌ಗ್ರೌಂಡ್ ಚೆಕ್ ಮುಗಿಸಿ ರೂಗರ್ ಪಿಸಿ ಕಾರ್ಬೈನ್ ತಗೊಂಡೆ.

ಗೊತ್ತಿಲ್ಲದೋರಿಗೆ ಎರಡು ಮಾತು. ಇದು ಪಿಸ್ತೂಲಿನ ಗುಂಡು ತಿನ್ನೋ ರೈಫಲ್. 9 ಎಂಎಂ, ಬ್ಯಾರೆಲ್ 16.12 ಇಂಚು, ತೂಕ ಹತ್ತಿರ ಹತ್ತಿರ 3 ಕಿಲೋ. ಒಳಗೆ ಬೋಲ್ಟಿಗೆ (ಪ್ರತಿ ಏಟಿಗೂ ಹಿಂದೆ ಮುಂದೆ ಓಡೋ ಭಾಗ) ಒಂದು ಟಂಗ್‌ಸ್ಟನ್ ತೂಕ ಕೂರಿಸಿರೋದ್ರಿಂದ ಒದೆತ ಏನೇನೂ ಅಲ್ಲ, ನನ್ನ ಹೆಂಡ್ತಿ ಮೊದಲ ದಿನಾನೇ ಆರಾಮಾಗಿ ಹೊಡೆದ್ಲು. ನಮ್ಮಜ್ಜನ ಒಂಟಿ ನಳಿಗೆ ಕೋವೀಲಿ ಒಂದು ಈಡು ಹೊಡೆದು ಮೂರು ದಿನ ಹೆಗಲಿಗೆ ಎಣ್ಣೆ ತಿಕ್ಕಿಸ್ಕೊಂಡವನು ನಾನು, ನನಗಿದು ಆಟದ ಸಾಮಾನು ಅನ್ನಿಸ್ತು. ಮ್ಯಾಗಝಿನ್ (ಗುಂಡು ತುಂಬಿಡೋ ಡಬ್ಬಿ) ಸಿಕ್ಕಿಸೋ ಭಾಗ ಬದಲಾಯಿಸಿದ್ರೆ ಗ್ಲಾಕ್ ಪಿಸ್ತೂಲಿನ ಮ್ಯಾಗಝಿನ್ನೂ ಕೂರುತ್ತೆ. ಮತ್ತೆ ಮುಖ್ಯವಾಗಿ ಇದು ಟೇಕ್‌ಡೌನ್. ಬೋಲ್ಟ್ ಹಿಂದಕ್ಕೆ ಲಾಕ್ ಮಾಡಿ, ಗುಂಡು ಕೂರೋ ಚೇಂಬರ್ ಖಾಲಿ ಇದೆಯಾ ನೋಡಿ, ಲಿವರ್ ಒತ್ತಿ ಬ್ಯಾರೆಲ್ ತಿರುವಿದ್ರೆ ಎರಡು ತುಂಡು. ಎರಡೂ ಒಂದು ಸಾಧಾರಣ ಬ್ಯಾಗಲ್ಲಿ ಹಿಡಿಸುತ್ತೆ.

ನನ್ನ ಮರುಳು ಮಾಡಿದ್ದೂ ಅದೇ, ಮುಳುಗಿಸಿದ್ದೂ ಅದೇ.

ಗನ್ ಜೊತೆ ಬ್ಯಾಗೂ ತಗೊಂಡೆ. ಎಲ್ಲರೂ ಹೇಳೋರು, ಮಿಲಿಟರಿ ಬಣ್ಣದ್ದು ತಗೋಬೇಡ, ಕಾರಲ್ಲಿ ಕಂಡ್ರೆ ಕಳ್ಳರು ಗಾಜು ಒಡೀತಾರೆ, ಲ್ಯಾಪ್‌ಟಾಪ್ ಬ್ಯಾಗ್ ಥರ ಕಾಣೋದು ತಗೋ ಅಂತ. ಬುದ್ಧಿವಂತ ಮಾತೇ. ಬೂದು ಬಣ್ಣದ್ದು ತಗೊಂಡೆ, ಆಫೀಸಿಗೆ ಹೊತ್ಕೊಂಡು ಹೋದ್ರೂ ಯಾರೂ ತಿರುಗಿ ನೋಡಲ್ಲ. ಒಳಗೆ ಬೆನ್ನಿನ ಕಡೆ ಸ್ಪಂಜು, ಎರಡು ತುಂಡು ಇಡೋಕೆ ಎರಡು ಅರೆ, ತಳದಲ್ಲಿ ಮ್ಯಾಗಝಿನ್ ಸಿಕ್ಕಿಸೋಕೆ ಇಲಾಸ್ಟಿಕ್ ಪಟ್ಟಿ.

ಆಮೇಲೆ ಶುರುವಾಯ್ತು ನೋಡಿ ಆಕ್ಸೆಸರಿ ಹುಚ್ಚು. ಗನ್ ತಗೊಂಡೋನಿಗೆ ಇದೊಂದು ಕಾಯಿಲೆ, ಗಾಡಿ ತಗೊಂಡೋರು ಸೀಟ್ ಕವರು, ಹಾರನ್ನು ಅಂತ ಹಾಕಿಸ್ತಾ ಹೋಗ್ತಾರಲ್ಲ ಹಂಗೆ. ಮೊದಲು ಒಂದು ಅಗ್ಗದ ರೆಡ್ ಡಾಟ್ (ಗುರಿ ಇಡೋಕೆ ಕೆಂಪು ಚುಕ್ಕೆ ತೋರಿಸೋ ಗಾಜು) ತರಿಸಿದೆ, ಆನ್‌ಲೈನಲ್ಲಿ, ದೊಡ್ಡ ಬ್ರ್ಯಾಂಡಿನ ಹೆಸರು ಹಾಕ್ಕೊಂಡಿದ್ದ ನಕಲಿ ಮಾಲು ಅಂತ ಆಮೇಲೆ ಗೊತ್ತಾಯ್ತು, ಇನ್ನೂರು ಗುಂಡಿಗೆ ಚುಕ್ಕೆ ಮಿಣುಕೋಕೆ ಶುರು. ಎರಡನೇದು ಸರಿಯಾದ್ದೇ ತಗೊಂಡ್ರೂ ಪ್ರತಿ ಸಲ ಬಿಚ್ಚಿ ಜೋಡಿಸಿದ್ಮೇಲೆ ಏಟು ಒಂದೊಂದು ಕಡೆ. ನಾನು ರೆಡ್ ಡಾಟನ್ನ ಬೈದೆ, ಅದನ್ನ ಗನ್ನಿಗೆ ಕಚ್ಚಿಸೋ ಮೌಂಟನ್ನ ಬೈದೆ, ಹೊಸ ಮೌಂಟ್ ತರಿಸಿದೆ. ಕೊನೆಗೆ ಪಕ್ಕದ ಲೇನಿನ ಒಬ್ಬ ಮುದುಕಪ್ಪ ಕೈಯಲ್ಲಿ ಹಿಡಿದು ಅಲ್ಲಾಡಿಸಿ ನೋಡಿ ನಕ್ಕ. ಬ್ಯಾರೆಲ್ ಬುಡದಲ್ಲಿ ಒಂದು ಅಡ್ಜಸ್ಟ್‌ಮೆಂಟ್ ರಿಂಗ್ ಇದೆ, ಹೊಸದರಲ್ಲಿ ಅದನ್ನ ಬಿಗಿ ಮಾಡ್ಕೋಬೇಕು ಅಂತ ಮ್ಯಾನ್ಯುಯಲ್ಲಲ್ಲೇ ಇದೆ. ನಾನು ಓದಿರ್ಲಿಲ್ಲ. ಗುರಿ ನೋಡೋ ಕಬ್ಬಿಣದ ಸೈಟ್ ಹಿಂದಿನದೂ ಮುಂದಿನದೂ ಎರಡೂ ಬ್ಯಾರೆಲ್ ಮೇಲೇ ಕೂತಿರೋದ್ರಿಂದ ಅದಕ್ಕೆ ಸಡಿಲದ ತೊಂದ್ರೆ ತಟ್ಟಲ್ಲ, ರೆಡ್ ಡಾಟ್ ಕೂರೋದು ಹಿಂದಿನ ತುಂಡಾದ ರಿಸೀವರ್ ಮೇಲೆ, ನಡುವೆ ಜಾಯಿಂಟ್ ಅಲ್ಲಾಡಿದ್ರೆ ಚುಕ್ಕೆ ಒಂದು ಕಡೆ, ಗುಂಡು ಒಂದು ಕಡೆ. ದುಡ್ಡು ಖರ್ಚಿಲ್ಲದ ರಿಪೇರಿಗೆ ನಾನು ಇನ್ನೂರು ಡಾಲರ್ ಸುರಿದಿದ್ದೆ.

ಇದಕ್ಕಿಂತ ಅಪಾಯದ್ದು ಇನ್ನೊಂದು ತಪ್ಪಿತು. ಇದೇ ಗನ್ನಿನ ತಮ್ಮ ಒಬ್ಬ ಇದ್ದಾನೆ, ಪಿಸಿ ಚಾರ್ಜರ್ ಅಂತ, 6.5 ಇಂಚು ಬ್ಯಾರೆಲ್, ಕಾನೂನಿನ ಲೆಕ್ಕದಲ್ಲಿ ಅದು ಪಿಸ್ತೂಲು. ಅದರ ಬ್ಯಾರೆಲ್ ಮಾತ್ರ ಯಾರೋ ಮಾರ್ತಿದ್ರು, "ನಿನ್ನ ಕಾರ್ಬೈನಿಗೆ ಕೂರುತ್ತೆ, ಇನ್ನೂ ಚಿಕ್ಕದಾಗುತ್ತೆ" ಅಂತ ಒಬ್ಬ ಗೆಳೆಯ. ಸ್ವಾಮಿ, ಹೆಗಲಿಗೆ ಆನಿಸೋ ಸ್ಟಾಕ್ ಇರೋ ರೈಫಲ್ಲಿಗೆ 16 ಇಂಚಿಗಿಂತ ಕಮ್ಮಿ ಬ್ಯಾರೆಲ್ ಹಾಕಿದ್ರೆ, ಇಲ್ಲಾ ಒಟ್ಟು ಉದ್ದ 26 ಇಂಚಿಗಿಂತ ಕಮ್ಮಿ ಆದ್ರೆ, ಅದು 1934ರ ನ್ಯಾಷನಲ್ ಫೈರ್‌ಆರ್ಮ್ಸ್ ಆಕ್ಟ್ ಕೆಳಗೆ ಬರುತ್ತೆ, ಮೊದಲೇ ಅರ್ಜಿ ಹಾಕಿ ರಿಜಿಸ್ಟರ್ ಮಾಡಿಸಿರ್ಬೇಕು, ಇಲ್ಲಾಂದ್ರೆ ಹತ್ತು ವರ್ಷದವರೆಗೆ ಜೈಲು. 2026ರ ಜನವರಿಯಿಂದ ಇದಕ್ಕೆ ಕಟ್ಟಬೇಕಿದ್ದ 200 ಡಾಲರ್ ತೆರಿಗೆ ಸೊನ್ನೆ ಆಯ್ತು ಅಂತ ಕುಣಿಯೋರಿದ್ದಾರೆ, ತೆರಿಗೆ ಹೋಗಿದೆ, ರಿಜಿಸ್ಟ್ರೇಷನ್ ಹೋಗಿಲ್ಲ. ಗ್ರೀನ್ ಕಾರ್ಡಿನೋರಿಗೆ ಇಂಥ ಒಂದು ಕೇಸ್ ಬಿದ್ರೆ ಊರಿನ ಟಿಕೆಟ್ ಒನ್ ವೇ ಆಗುತ್ತೆ. ಹಾಗೇ ನ್ಯೂಜೆರ್ಸಿ, ನ್ಯೂಯಾರ್ಕ್, ಕ್ಯಾಲಿಫೋರ್ನಿಯಾ ಕಡೆ ನೆಂಟರ ಮನೆಗೆ ಹೋಗ್ತಾ ಇದನ್ನ ಡಿಕ್ಕೀಲಿ ಹಾಕ್ಕೊಂಡು ಹೋಗೋ ಯೋಚನೆ ಬಿಡಿ. ಅಲ್ಲಿ ಹತ್ತಕ್ಕಿಂತ ಜಾಸ್ತಿ ಗುಂಡಿನ ಮ್ಯಾಗಝಿನ್ನೇ ಅಪರಾಧ, ನಮ್ಮದರ ಜೊತೆ ಬರೋದು 17ರದ್ದು.

ಸರಿ, ಬ್ಯಾಗಿಗೆ ಬರ್ತೀನಿ. ಆಕ್ಸೆಸರಿ ಹೆಚ್ಚಾದಷ್ಟೂ ಬ್ಯಾಗಲ್ಲಿ ಚಿಲ್ಲರೆ ಹೆಚ್ಚಾಯ್ತು. ಅಲೆನ್ ಕೀ, ಬಟನ್ ಬ್ಯಾಟರಿ, ಟಾರ್ಚ್ ಲೈಟಿನ ಸ್ಕ್ರೂ, ಮ್ಯಾಗಝಿನ್ ತುಂಬೋ ಪ್ಲಾಸ್ಟಿಕ್ ಲೋಡರ್, ಕಿವಿಗೆ ಹಾಕೋ ಸ್ಪಂಜು. ರೇಂಜಲ್ಲಿ ಬೆಂಚಿನ ಮೇಲೆ ಗುಂಡು ಸುರ್ಕೊಂಡು ತುಂಬ್ತಾ ಇರ್ತೀವಿ, ಟೈಮ್ ಆಯ್ತು ಅಂದಾಗ ಉಳಿದಿದ್ದನ್ನ ಹಿಡಿಯಾಗಿ ಬಾಚಿ ಬ್ಯಾಗಿನ ತಳಕ್ಕೆ. ಸಾವಿರ ಗುಂಡಿನ ಡಬ್ಬಿ ತಂದಿಟ್ಕೊಂಡೋನು ಒಂದನ್ನ ಯಾಕೆ ಎಣಿಸ್ತಾನೆ ಹೇಳಿ.

ಕಳೆದ ವರ್ಷ ಊರಿಗೆ ಹೊರಟಾಗ ಅಮ್ಮನಿಗೆ ಕಾಶಿ ತೋರಿಸೋ ಪ್ಲಾನ್ ಇತ್ತು. ಬೆಂಗಳೂರಿಂದ ವಾರಾಣಸಿಗೆ ಫ್ಲೈಟ್, ಅಪ್ಪ, ಅಮ್ಮ, ಅತ್ತೆ, ನಾನು. ಅಲ್ಲಿಗೆ ಒಂದು ಹಗುರ ಬ್ಯಾಗ್ ಬೇಕು ಅಂತ ಇದೇ ಬೂದು ಬ್ಯಾಗ್ ಖಾಲಿ ಮಾಡಿದೆ. ಎಲ್ಲಾ ಜಿಪ್ ತೆಗೆದು, ತಲೆಕೆಳಗು ಮಾಡಿ ಕೊಡವಿ, ವ್ಯಾಕ್ಯೂಮ್ ಹೊಡೆದು, ಮಡಚಿ ದೊಡ್ಡ ಸೂಟ್‌ಕೇಸಲ್ಲಿ ಹಾಕಿದೆ. ಅಲ್ಲಿ ಹೊರಡುವಾಗ ಯಾರಿಗೂ ಕಾಣ್ಲಿಲ್ಲ, ಇಲ್ಲಿ ಇಳಿದಾಗ್ಲೂ ಕಾಣ್ಲಿಲ್ಲ. ಎರಡು ವಾರ ಆ ಬ್ಯಾಗು ಸಾಗರದ ಮನೆಯ ಜಗುಲಿ ಗೂಟದಲ್ಲಿ ನೇತಾಡ್ತಿತ್ತು.

ಬೆಂಗಳೂರಿನ ಸೆಕ್ಯುರಿಟಿ ಚೆಕ್ಕಲ್ಲಿ ನನ್ನ ಟ್ರೇ ಪಕ್ಕದ ಸಾಲಿಗೆ ಹೋಯ್ತು. ಚಾರ್ಜರ್ ಏನೋ ಇರ್ಬೇಕು ಅನ್ಕೊಂಡೆ. ಸಿಐಎಸ್‌ಎಫ್‌ನೋರು ಎಲ್ಲಾ ತೆಗೆಸಿದ್ರು, ಮತ್ತೆ ಮಶೀನಿಗೆ ಹಾಕಿದ್ರು, ಖಾಲಿ ಬ್ಯಾಗನ್ನ ಇನ್ನೊಂದ್ಸಲ ಹಾಕಿದ್ರು. ಒಬ್ಬರು ಸ್ಕ್ರೀನ್ ನೋಡಿ ಇನ್ನೊಬ್ಬರನ್ನ ಕರೆದ್ರು, ಇಬ್ಬರೂ ಮಾತಾಡ್ಲಿಲ್ಲ. ಆಮೇಲೆ ಒಬ್ಬರು ಬ್ಯಾಗಿನೊಳಗೆ ಕೈ ಹಾಕಿ ತಳದ ಇಲಾಸ್ಟಿಕ್ ಪಟ್ಟಿ ಹೊಲಿಗೆ ಹತ್ರ ಬೆರಳಾಡಿಸಿದ್ರು, ಅಲ್ಲಿ ಹೊಲಿಗೆ ಬಿಟ್ಟು ಹೆಬ್ಬೆರಳು ಹೋಗೋಷ್ಟು ತೂತು, ಲೈನಿಂಗಿಗೂ ಸ್ಪಂಜಿಗೂ ನಡುವೆ ಜಾರಿ ಕೂತಿತ್ತು. ಅಂಗೈ ಮೇಲಿಟ್ಕೊಂಡು ತೋರಿಸಿದ್ರು. ಹಿತ್ತಾಳೆ ಒಂಚೂರೂ ಮಾಸಿರ್ಲಿಲ್ಲ, ಬುಡದಲ್ಲಿ 9 ಎಂಎಂ ಲೂಗರ್ ಅಂತ ಅಕ್ಷರ. ಹೆಚ್ಚಂದ್ರೆ ಹನ್ನೆರಡು ಗ್ರಾಂ ತೂಕ. ನನ್ನ ಬಾಯಲ್ಲಿ ಬಂದ ಮೊದಲ ಮಾತು "ಇದು ನಂದೇ" ಅಂತ. ಆ ಮಾತು ಆಡಬಾರದಿತ್ತು ಅಂತ ವಕೀಲರು ಆಮೇಲೆ ತಲೆ ಚಚ್ಕೊಂಡ್ರು.

ಬೋರ್ಡಿಂಗ್ ಪಾಸ್ ವಾಪಸ್ ತಗೊಂಡ್ರು. ನೀವು ಮೂರೂ ಜನ ಹೋಗ್ಬನ್ನಿ, ನಾನು ನಾಳೆ ಬರ್ತೀನಿ ಅಂದ್ರೆ ಅಮ್ಮ ಕೇಳ್ಬೇಕಲ್ಲ. ಅವಳೂ ಠಾಣೆಗೆ ಬಂದು ಬೆಂಚಿನ ಮೇಲೆ ಪುಳಿಯೋಗರೆ ಡಬ್ಬಿ ತೊಡೆ ಮೇಲಿಟ್ಕೊಂಡು ಕೂತ್ಲು. ಮಹಜರ್ ಬರೆದ್ರು, ಪಂಚರ ಸಹಿ ಹಾಕ್ಸಿದ್ರು, ಆ ಒಂದು ಗುಂಡನ್ನ ಬಿಳಿ ಬಟ್ಟೇಲಿ ಹೊಲಿದು ಅರಗಿನ ಸೀಲ್ ಒತ್ತಿದ್ರು. ಅರಗು ಕರಗೋ ವಾಸನೆಗೆ ಅಮ್ಮ "ಅಂಚೆ ಆಫೀಸ್ ಥರ ವಾಸನೆ ಬರ್ತಿದೆ ಕಣೋ" ಅಂದ್ಲು. ಅಲ್ಲಿದ್ದೋರು ಯಾರೂ ನನ್ನನ್ನ ಕೆಟ್ಟದಾಗಿ ನಡೆಸ್ಕೊಳ್ಲಿಲ್ಲ, ಟೀ ಕೂಡ ತರಿಸಿಕೊಟ್ರು. ಆದ್ರೆ ಎಫ್‌ಐಆರ್ ಬಿತ್ತು.

ಇಲ್ಲಿ ಒಂದು ವಿಷಯ ಅಲ್ಲಿರೋ ಎಷ್ಟೋ ಜನಕ್ಕೆ ಗೊತ್ತಿಲ್ಲ. ಟೆಕ್ಸಸ್‌ನಲ್ಲಿ ಗನ್ ಅಂಗಡೀಲಿ ಸಲೀಸಾಗಿ ಸಿಗೋ 9 ಎಂಎಂ, ಭಾರತದಲ್ಲಿ ಪ್ರೊಹಿಬಿಟೆಡ್ ಬೋರ್, ಅಂದ್ರೆ ಜನಸಾಮಾನ್ಯರಿಗೆ ನಿಷೇಧ ಇರೋ ಅಳತೆ, ಪೊಲೀಸು ಸೈನ್ಯದೋರು ಬಳಸೋದು. ನಿಷೇಧಿತ ಆಯುಧ-ಗುಂಡಿನ ಕೇಸಿಗೆ 2019ರ ತಿದ್ದುಪಡಿ ಆದ್ಮೇಲೆ ಶಿಕ್ಷೆ 7ರಿಂದ 14 ವರ್ಷ. ಅಮೆರಿಕದ ರಸೀದಿ, ಅಲ್ಲಿನ ಹಕ್ಕು, ಅಲ್ಲಿನ ಲೈಸೆನ್ಸು ಇಲ್ಲಿ ಲೆಕ್ಕಕ್ಕಿಲ್ಲ. ಗುಂಡಿಲ್ಲ, ಖಾಲಿ ಮ್ಯಾಗಝಿನ್ ಅಷ್ಟೇ ಅಂತಾನೂ ಅನ್ಕೋಬೇಡಿ, ನಮ್ಮ ಆರ್ಮ್ಸ್ ಆಕ್ಟಲ್ಲಿ ಆಯುಧ ಅಂದ್ರೆ ಅದರ ಬಿಡಿಭಾಗಾನೂ ಸೇರುತ್ತೆ. ಒಬ್ಬ ನೆಂಟರು ಫೋನಲ್ಲಿ ಸಮಾಧಾನ ಹೇಳಿದ್ರು, ಕೊಡಗಿನೋರಿಗೆ ಲೈಸೆನ್ಸೇ ಬೇಡ್ವಂತಲ್ಲ ಮಾರಾಯ ಅಂತ. ಆ ವಿನಾಯಿತಿ ಕೊಡವರಿಗೆ, ಕೊಡಗಲ್ಲಿ ವಂಶಪಾರಂಪರ್ಯವಾಗಿ ಜಮ್ಮಾ ಜಮೀನು ಹಿಡಿದೋರಿಗೆ, ಸಾಗರದ ಅಡಿಕೆ ತೋಟದೋನಿಗೆ ಎಲ್ಲಿಂದ ಬಂತು.

ನನ್ನ ಪುಣ್ಯ, ಅವತ್ತೇ ಜಾಮೀನು ಸಿಕ್ತು. ಪಾಸ್‌ಪೋರ್ಟ್ ಕೋರ್ಟಲ್ಲಿ. ರಿಟರ್ನ್ ಟಿಕೆಟ್ ಹೋಯ್ತು, ರಜ ಮುಗೀತು, ಸಂಬಳ ಇಲ್ಲದ ರಜ ಶುರುವಾಯ್ತು. ಮ್ಯಾನೇಜರಿಗೆ ಏನಂತ ಹೇಳೋದು, "ಲೀಗಲ್ ಮ್ಯಾಟರ್" ಅಂದೆ, ಅವನು ಆಸ್ತಿ ಜಗಳ ಅನ್ಕೊಂಡ, ಅನ್ಕೊಳ್ಳಲಿ ಅಂತ ಬಿಟ್ಟೆ. ಎಫ್‌ಐಆರ್ ರದ್ದು ಮಾಡಿ ಅಂತ ಹೈಕೋರ್ಟಿಗೆ ಅರ್ಜಿ, ಹಳೇ ಸಿಆರ್‌ಪಿಸಿ 482 ಅಂತಿದ್ರಲ್ಲ, ಈಗ ಬಿಎನ್‌ಎಸ್‌ಎಸ್ 528. ವಾದ ಒಂದೇ: ತನ್ನ ಹತ್ರ ಇದೆ ಅನ್ನೋ ಅರಿವೇ ಇಲ್ಲದಿದ್ರೆ ಅದು ಕಾನೂನಿನ ಲೆಕ್ಕದ ವಶ ಅಲ್ಲ, 1972ರ ಗುಣವಂತಲಾಲ್ ಕೇಸಿಂದ ಸುಪ್ರೀಂ ಕೋರ್ಟ್ ಹೇಳ್ತಾ ಬಂದಿರೋ ಮಾತು. ಅದನ್ನ ತೋರಿಸೋಕೆ ಗನ್ ತಗೊಂಡ ರಸೀದಿ, ರೇಂಜ್ ಮೆಂಬರ್‌ಶಿಪ್ಪು, ಬ್ಯಾಗಿನ ಹೊಲಿಗೆ ಬಿಟ್ಟಿದ್ದರ ಫೋಟೋ ಎಲ್ಲಾ ಹಾಕಬೇಕಾಯ್ತು. ರಸೀದಿ ಇಟ್ಕೊಂಡಿದ್ದಕ್ಕೆ ನನ್ನ ಹೆಂಡ್ತಿಗೆ ಕೈ ಮುಗಿದೆ. ನಡುವೆ ಕೋರ್ಟಿನ ಅನುಮತಿ ತಗೊಂಡು ಒಂದ್ಸಲ ಡಲ್ಲಾಸಿಗೆ ಹೋಗಿ ಬಂದೆ. ಏಳನೇ ತಿಂಗಳಲ್ಲಿ ರದ್ದಾಯ್ತು. ವಕೀಲರ ಫೀಸು ಸೇರಿಸಿ ಲೆಕ್ಕ ಹಾಕಿದ್ರೆ ಆ ದುಡ್ಡಲ್ಲಿ ಹತ್ತು ಕಾರ್ಬೈನ್ ಬರೋದು, ರೆಡ್ ಡಾಟ್ ಸಮೇತ. ಹಾಗಂತ ಎಲ್ಲರಿಗೂ ರದ್ದಾಗುತ್ತೆ ಅನ್ಕೋಬೇಡಿ, ಒಂದು ಗುಂಡಿರೋದಕ್ಕೂ ನಾಲ್ಕಿರೋದಕ್ಕೂ ಕೋರ್ಟಿಗೆ ವ್ಯತ್ಯಾಸ ಕಾಣುತ್ತೆ ಅಂತ ವಕೀಲರೇ ಹೇಳಿದ್ರು.

ಅದಕ್ಕೇ ಹೇಳ್ತಿರೋದು, ಗನ್ ಒಯ್ಯೋ ಬ್ಯಾಗು ಗನ್ನಿಗೆ ಮಾತ್ರ. ಕೊಡವಿದ್ರೆ ಸಾಲಲ್ಲ, ಹುಡುಕಿದ್ರೂ ಸಾಲಲ್ಲ, ನಾನು ಎರಡೂ ಮಾಡಿದ್ದೆ. ಲ್ಯಾಪ್‌ಟಾಪ್ ಬ್ಯಾಗ್ ಥರ ಕಾಣೋದು ಕಳ್ಳರಿಗೆ ಮೋಸ ಮಾಡೋಕೆ ಒಳ್ಳೇದೇ, ಆದ್ರೆ ಅದು ಮೊದಲು ಮೋಸ ಮಾಡೋದು ನಿಮಗೇ, ಬೀರುವಿಂದ ಕೈಗೆ ಸಿಕ್ಕಿದ್ದು ಅಂತ ಎತ್ಕೊಂಡು ಹೊರಟುಬಿಡ್ತೀರಿ. ನಾನೀಗ ಜಿಪ್ಪಿಗೆ ಕೆಂಪು ರಿಬ್ಬನ್ ಕಟ್ಟಿದ್ದೀನಿ. ರೇಂಜಿಗೆ ಹಾಕ್ಕೊಂಡು ಹೋಗೋ ಜಾಕೆಟ್ ಜೇಬು, ಕಾರ್ಗೋ ಪ್ಯಾಂಟು, ಮಕ್ಕಳ ಡಯಾಪರ್ ಬ್ಯಾಗು (ನಗಬೇಡಿ, ರೇಂಜಲ್ಲಿ ನೋಡಿದ್ದೀನಿ) ಎಲ್ಲಾ ಇದೇ ಲೆಕ್ಕ. ಅಮೆರಿಕದೊಳಗೇ ವಿಮಾನದಲ್ಲಿ ಗನ್ ಒಯ್ಯೋದಾದ್ರೂ ಈ ಬಟ್ಟೆ ಬ್ಯಾಗ್ ನಡೆಯಲ್ಲ, ಬೀಗ ಹಾಕಿದ ಗಟ್ಟಿ ಪೆಟ್ಟಿಗೇಲಿ, ಗುಂಡು ತೆಗೆದಿಟ್ಟು, ಕೌಂಟರಲ್ಲಿ ಹೇಳಿ, ಚೆಕ್-ಇನ್ ಲಗೇಜಲ್ಲಿ ಮಾತ್ರ.

ಅಜ್ಜನ ನೆನಪು ಬಹಳ ಆಯ್ತು ಆ ಏಳು ತಿಂಗಳಲ್ಲಿ. ಬೆಳೆ ಕಾಯೋಕೆ ಅಂತ ಲೈಸೆನ್ಸ್ ಮಾಡಿಸಿದ ಕೋವಿ, ಎಲೆಕ್ಷನ್ ಬಂದಾಗೆಲ್ಲ ಹೊತ್ಕೊಂಡು ಹೋಗಿ ಠಾಣೆಗೆ ಡಿಪಾಸಿಟ್ ಮಾಡಿ ರಸೀದಿ ತರೋದು. ತೋಟೆಗಳನ್ನ ಒಂದು ಹಾರ್ಲಿಕ್ಸ್ ಬಾಟ್ಲಲ್ಲಿ ಹಾಕಿ ನಾಗಂದಿಗೆ ಮೇಲೆ ಇಡ್ತಿದ್ರು. ಮಂಗ ಓಡಿಸೋಕೆ ಎರಡು ತಗೊಂಡು ಹೋದ್ರೆ, ವಾಪಸ್ ಬಂದು ಒಂದು ಈಡಾಗಿದೆ, ಒಂದು ಉಳಿದಿದೆ ಅಂತ ಗೋಡೆ ಮೇಲಿನ ಕ್ಯಾಲೆಂಡರಲ್ಲಿ ಪೆನ್ಸಿಲ್ಲಲ್ಲಿ ಗುರುತು. ಹಾರಿದ ತೋಟೆಯ ಖಾಲಿ ಕೊಪ್ಪೆಯನ್ನೂ ಬಿಸಾಡ್ತಿರ್ಲಿಲ್ಲ. ನಾವು ಮೊಮ್ಮಕ್ಕಳು ಅದನ್ನ ಜುಗ್ಗತನ ಅಂತ ನಗ್ತಿದ್ವಿ.

ಅಮ್ಮ ಆಮೇಲೆ ರೈಲಲ್ಲಿ ಕಾಶಿಗೆ ಹೋಗಿ ಬಂದ್ಲು, ಅತ್ತೆ ಜೊತೆ, ನನ್ನನ್ನ ಕರೀಲಿಲ್ಲ. ಈಗ ನಾನು ಊರಿಗೆ ಬಂದ್ರೆ ಕಾಲಿಗೆ ನೀರು ಕೊಡೋಕೆ ಮುಂಚೆ ನನ್ನ ಬ್ಯಾಗ್ ಇಸ್ಕೊಂಡು ಅಂಗಳದಲ್ಲಿ ತಲೆಕೆಳಗು ಮಾಡಿ ಕೊಡವಿ, ಹೊಲಿಗೆ ಹೊಲಿಗೆಗೂ ಬೆರಳು ಹಾಕಿ ನೋಡಿಯೇ ಒಳಗೆ ಬಿಡೋದು.