ಹಸು ಕೊಳ್ಳುವ ಮುಂಚೆ ಲ್ಯಾಬ್ ರಿಪೋರ್ಟ್ ಸರಿಯಾಗಿ ಓದಿ, ನಾನು ಓದಲಿಲ್ಲ

ನಮ್ಮದು ಹೊಳೆನರಸೀಪುರದ ಹತ್ತಿರದ ಹಳ್ಳಿ. ಐದು ತಿಂಗಳ ಗಬ್ಬದ ಎಚ್.ಎಫ್. (ಹೋಲ್‌ಸ್ಟೀನ್ ಫ್ರೀಜಿಯನ್ ತಳಿ) ಹಸುವನ್ನು ದಲ್ಲಾಳಿ ಮೂಲಕ ತಂದೆ. ಕಂದು ರೋಗ, ಅಂದರೆ ಗಬ್ಬದ ಹಸು ಅವಧಿಗೆ ಮುಂಚೆಯೇ ಕರು ಹಾಕುವಂತೆ ಮಾಡುವ ಬ್ರುಸೆಲ್ಲಾ ಸೋಂಕು, ಇಲ್ಲ ತಾನೇ ಅಂತ ಕೇಳಿದ್ದಕ್ಕೆ ಆತ ಲ್ಯಾಮಿನೇಷನ್ ಮಾಡಿಸಿದ ರಿಪೋರ್ಟ್ ತೆಗೆದ. 'ಬ್ರುಸೆಲ್ಲಾ ನೆಗೆಟಿವ್'. ಮೇಲ್ಗಡೆ 'ಸರ್ಕಾರಿ ಮಾನ್ಯತೆ ಪಡೆದ ಪ್ರಯೋಗಾಲಯ', ಪಕ್ಕದಲ್ಲಿ ಐ.ಎಸ್.ಒ. 9001 ಅಂತ ಬಂಗಾರದ ಬಣ್ಣದ ಮುದ್ರೆ. ಸುಮ್ನೆ ತಲೆಯಾಡಿಸಿ ದುಡ್ಡು ಎಣಿಸಿದೆ.

ಏಳು ತಿಂಗಳಿಗೆ ಹಸು ಕಂದು ಹಾಕಿತು. ಮಾಸು ಬೀಳಲಿಲ್ಲ. ಸತ್ತ ಕರುವನ್ನು ಅಮ್ಮ ಬರಿಗೈಯಲ್ಲೇ ಎತ್ತಿ ಗೋಣಿಚೀಲಕ್ಕೆ ಹಾಕಿದ್ದರು. ಡಾಕ್ಟರ್ ಬಂದವರು ಮೊದಲು ನೋಡಿದ್ದು ಹಸುವನ್ನಲ್ಲ, ಅಮ್ಮನ ಕೈಯನ್ನು. ಎಲ್ಲಾದರೂ ಗಾಯ ಇದೆಯಾ ಅಂತ. ಇದು ಮನುಷ್ಯರಿಗೂ ಅಂಟುತ್ತದೆ. ಮಾಸು ಮುಟ್ಟಿದರೂ ಸಾಕು, ಹಸಿ ಹಾಲು ಕುಡಿದರೂ ಸಾಕು. ಬಿಟ್ಟು ಬಿಟ್ಟು ಜ್ವರ, ಕೀಲು ನೋವು. ಹಸುವಿನ ರಕ್ತ ಸರ್ಕಾರಿ ಲ್ಯಾಬಿಗೆ ಹೋಯಿತು, ಪಾಸಿಟಿವ್ ಬಂತು.

ಆಮೇಲೆ ಡಾಕ್ಟರ್ ಆ ಹಳೇ ರಿಪೋರ್ಟ್ ಕೇಳಿದರು. ಹಸುವಿನ ಗುರುತಿಗೆ ಹಾಕುವ ಕಿವಿ ಓಲೆಯ 12 ಅಂಕಿಯ ನಂಬರ್ ಎಲ್ಲಿ? ಇಲ್ಲ. 'ಕಪ್ಪು ಬಿಳಿ ಹಸು' ಅಂತ ಅಷ್ಟೇ. ನಮ್ಮ ಜಿಲ್ಲೆಯಲ್ಲಿ ಕಪ್ಪು ಬಿಳಿ ಹಸುವಿಗೇನು ಬರ, ಅಲ್ವಾ? ರಕ್ತ ತೆಗೆದ ದಿನ ಇಲ್ಲ. ಯಾವ ರಕ್ತ ಪರೀಕ್ಷೆ, ರೋಸ್ ಬೆಂಗಾಲ್ ಮಾಡಿದರೋ ಎಲೈಸಾ ಮಾಡಿದರೋ, ಅದೂ ಇಲ್ಲ.

ಆ ಬಂಗಾರದ ಮುದ್ರೆಯ ಕಥೆ ಇನ್ನೂ ಚೆನ್ನಾಗಿದೆ. ಐ.ಎಸ್.ಒ. 9001 ಅಂದರೆ ಸಂಸ್ಥೆ ತನ್ನ ಕೆಲಸವನ್ನು ಒಂದು ಪದ್ಧತಿ ಪ್ರಕಾರ ನಡೆಸುತ್ತದೆ ಅಂತ ಅಷ್ಟೇ. ಪರೀಕ್ಷೆ ಸರಿಯಾಗಿ ಮಾಡಬಲ್ಲರು ಅನ್ನುವುದಕ್ಕೆ ಬೇರೆಯೇ ಮಾನದಂಡ ಇದೆ, ಐ.ಎಸ್.ಒ. 17025. ನಮ್ಮ ದೇಶದಲ್ಲಿ ಅದನ್ನು ನೋಡಿ ಮಾನ್ಯತೆ ಕೊಡುವುದು ಎನ್.ಎ.ಬಿ.ಎಲ್. ಅನ್ನುವ ಪ್ರಯೋಗಾಲಯ ಮಾನ್ಯತಾ ಮಂಡಳಿ. ಅದೂ ಇಡೀ ಲ್ಯಾಬಿಗೆ ಸಾರಾಸಗಟಾಗಿ ಅಲ್ಲ, ಒಂದೊಂದು ಪರೀಕ್ಷೆಗೆ. ನೀರು, ಪಶು ಆಹಾರದ ಪರೀಕ್ಷೆಗೆ ಮಾನ್ಯತೆ ಇರುವವರು ಬ್ರುಸೆಲ್ಲಾಗೆ ಅದೇ ಲಾಂಛನ ಬಳಸುವಂತಿಲ್ಲ. ಸರ್ಟಿಫಿಕೇಟ್ ನಂಬರ್ ಕೇಳಿ. ಎನ್.ಎ.ಬಿ.ಎಲ್. ವೆಬ್‌ಸೈಟಿನಲ್ಲಿ ಲ್ಯಾಬ್ ಹೆಸರು ಹುಡುಕಿ, ಪರೀಕ್ಷೆಗಳ ಪಟ್ಟಿಯಲ್ಲಿ ನಿಮಗೆ ಬೇಕಾದದ್ದು ಇದೆಯಾ ನೋಡಿ. ಮೊಬೈಲಿನಲ್ಲೇ ಆಗುತ್ತದೆ.

ಅದಕ್ಕಿಂತ ಜಾಸ್ತಿ ಮುಖ್ಯ, ರಕ್ತವನ್ನು ನಿಮ್ಮ ಡಾಕ್ಟರೇ ನಿಮ್ಮ ಕಣ್ಣೆದುರು ತೆಗೆಯಲಿ. ಒಳ್ಳೆಯ ಲ್ಯಾಬಿನಲ್ಲೂ ಸೋಂಕು ಹೊಸದಾಗಿದ್ದರೆ ನೆಗೆಟಿವ್ ಬರಬಹುದಂತೆ. ಹಾಗಾಗಿ ತಂದ ಹಸುವನ್ನು ಕೆಲವು ವಾರ ಬೇರೆ ಕಟ್ಟಿ ಇನ್ನೊಮ್ಮೆ ಮಾಡಿಸಿ. ನಾನು ಮೊದಲ ದಿನವೇ ಬೇರೆ ಹಸುಗಳ ಸಾಲಿಗೆ ಕಟ್ಟಿದ್ದೆ. ಈಗ ಉಳಿದ ಮೂರರ ರಕ್ತವೂ ಹೋಗಿದೆ, ಅಮ್ಮನದೂ.