ಹತ್ತುವುದೂ ಬೇಡ, ಕುಕ್ಕರಿಸುವುದೂ ಬೇಡ: ಕಾಂಪ್ಯಾಕ್ಟ್ ಎಸ್‌ಯುವಿ ಜೊತೆ ಕೆಲವು ಮಳೆಗಾಲ

ಕಾಂಪ್ಯಾಕ್ಟ್ ಎಸ್‌ಯುವಿ, ಅಂದರೆ ಸ್ವಲ್ಪ ಎತ್ತರದ ಚಿಕ್ಕ ಕಾರಿನ ಬಗ್ಗೆ ಬರೆಯುವವರು ಸಾಮಾನ್ಯವಾಗಿ ಸನ್‌ರೂಫ್, ಟಚ್‌ಸ್ಕ್ರೀನ್, ಏರ್‌ಬ್ಯಾಗ್ ಅಂತ ಶುರು ಮಾಡುತ್ತಾರೆ. ಅವೆಲ್ಲ ನೀವು ಈಗಾಗಲೇ ನೋಡಿರುತ್ತೀರಿ. ನಾನು ಸೀಟಿನ ಎತ್ತರದಿಂದ ಶುರು ಮಾಡುತ್ತೇನೆ. ನಮ್ಮ ಮನೆಯಲ್ಲಿ ಈ ಕಾರನ್ನು ಎಲ್ಲರೂ ಇಷ್ಟಪಡಲು ಮುಖ್ಯ ಕಾರಣ ಅದೇ.

ಇದಕ್ಕೆ ಮುಂಚೆ ನಮ್ಮ ಹತ್ತಿರ ಸೆಡಾನ್, ಅಂದರೆ ಹಿಂದೆ ಡಿಕ್ಕಿ ಚಾಚಿರುವ ತಗ್ಗಿನ ಕಾರು ಇತ್ತು. ಓಡಿಸಲು ತುಂಬಾ ಚೆನ್ನಾಗಿತ್ತು, ದೂರ ಹೋದರೂ ಆಯಾಸ ಇರಲಿಲ್ಲ. ಆದರೆ ಅಮ್ಮನಿಗೆ ಮಂಡಿ ನೋವು. ತಗ್ಗಿನ ಕಾರಿನಲ್ಲಿ ಕೂರಬೇಕಾದರೆ ಮೊದಲು ತಲೆ ಬಗ್ಗಿಸಬೇಕು. ಆಮೇಲೆ ಒಂದೇ ಕಾಲಿನ ಮೇಲೆ ಇಡೀ ಭಾರ ಬಿಟ್ಟು ಕುಕ್ಕರಿಸಬೇಕು. ಅರ್ಧ ಬಗ್ಗಿದ ಮೇಲೆ ಮಂಡಿ ತಡೆಯುವುದಿಲ್ಲ, ಸೀಟಿನ ಮೇಲೆ ಧೊಪ್ಪನೆ ಕುಸಿಯುವುದೇ. ಇಳಿಯುವುದು ಇನ್ನೂ ಕಷ್ಟ. ನಾನು ಎರಡೂ ಕೈ ಹಿಡಿದು ಎಳೆಯಬೇಕು, ಅವರು ಹಲ್ಲು ಕಚ್ಚಿ ಏಳಬೇಕು. ಮದುವೆ ಮನೆ ಮುಂದೆ ನಾಲ್ಕು ಜನ ನೋಡುವಾಗ ಹೀಗೆ ಏಳುವುದು ಅವರಿಗೆ ಬೇಡವೇ ಬೇಡ. ಬರಬರುತ್ತಾ "ನೀವು ಹೋಗಿ ಬನ್ನಿ" ಅನ್ನುವುದು ಜಾಸ್ತಿಯಾಯಿತು.

ಹಾಗಂತ ದೊಡ್ಡ ಗಾಡಿಯೂ ಆಗುವುದಿಲ್ಲ. ಚಿಕ್ಕಪ್ಪನ ಮನೆಯಲ್ಲಿ ಏಳು ಸೀಟಿನ ಎತ್ತರದ ಗಾಡಿ ಇದೆ. ಅದಕ್ಕೆ ಫುಟ್‌ಬೋರ್ಡ್ ಮೇಲೆ ಕಾಲಿಟ್ಟು ಹತ್ತಬೇಕು. ಸೀರೆ ಉಟ್ಟವರಿಗೆ ಮಂಡಿ ಅಷ್ಟು ಮೇಲೆ ಎತ್ತುವುದು ಸುಲಭವಲ್ಲ. ನೋವಿರುವ ಮಂಡಿಗಂತೂ ಹತ್ತುವುದು, ಕುಕ್ಕರಿಸುವುದು ಎರಡೂ ಒಂದೇ ಶಿಕ್ಷೆ.

ಕಾಂಪ್ಯಾಕ್ಟ್ ಎಸ್‌ಯುವಿ ಸೀಟು ಇವೆರಡರ ಮಧ್ಯೆ, ಸರಿಯಾಗಿ ಸೊಂಟದ ಹತ್ತಿರ ಬರುತ್ತದೆ. ಅಮ್ಮ ಈಗ ಕೂರುವ ರೀತಿಯೇ ಬೇರೆ. ಬಾಗಿಲು ತೆಗೆದು, ಕಾರಿಗೆ ಬೆನ್ನು ಹಾಕಿ ನಿಲ್ಲುತ್ತಾರೆ. ಸೆರಗು ಮುಂದಕ್ಕೆ ಎಳೆದುಕೊಂಡು ಜಗಲಿ ಮೇಲೆ ಕೂತ ಹಾಗೆ ಹಿಂದಕ್ಕೆ ಕೂರುತ್ತಾರೆ. ಆಮೇಲೆ ಮೇಲಿನ ಹಿಡಿ ಹಿಡಿದು ಎರಡೂ ಕಾಲನ್ನು ಒಟ್ಟಿಗೆ ಒಳಗೆ ತಿರುಗಿಸುತ್ತಾರೆ. ಅಷ್ಟೇ. ಇಳಿಯುವಾಗ ಇದೇ ಉಲ್ಟಾ. ಪಾದ ನೆಲಕ್ಕೆ ಊರಿದಾಗ ಮಂಡಿ ಪೂರ್ತಿ ಮಡಚಿರುವುದಿಲ್ಲ, ಹಾಗಾಗಿ ಎದ್ದು ನಿಲ್ಲಲು ಹೆಚ್ಚು ಬಲ ಬೇಡ. ಮೊದಮೊದಲು ನಾನು ಅಭ್ಯಾಸಬಲದಿಂದ ಕೈ ಚಾಚಿದರೆ, "ಯಾರೂ ಕೈ ಹಿಡ್ಕಳದು ಬ್ಯಾಡ, ನಾನೇ ಇಳೀತೀನಿ" ಅಂದರು. ಈಗ ತೀರ್ಥಹಳ್ಳಿ ಪೇಟೆಗೆ ಹೊರಟರೂ ನಮಗಿಂತ ಮುಂಚೆ ಅಂಗಳದಲ್ಲಿ ರೆಡಿ. ಈ ಒಂದು ವಿಷಯಕ್ಕೆ ಕೊಟ್ಟ ದುಡ್ಡು ಸಾರ್ಥಕ ಅಂತ ನಾನು ಯಾವ ಅನುಮಾನವೂ ಇಲ್ಲದೆ ಹೇಳುತ್ತೇನೆ.

ಎರಡನೆಯ ಸುಖ ಕಾರಿನ ಹೊಟ್ಟೆ ನೆಲಕ್ಕೆ ತಾಗದಿರುವುದು. ಮಾರುತಿ ಸ್ವಿಫ್ಟ್‌ನಂಥ ಕಾರಿನ ಗ್ರೌಂಡ್ ಕ್ಲಿಯರೆನ್ಸ್, ಅಂದರೆ ನೆಲಕ್ಕೂ ಕಾರಿನ ಹೊಟ್ಟೆಗೂ ಇರುವ ಅಂತರ, 163 ಮಿ.ಮೀ. ಕಾಂಪ್ಯಾಕ್ಟ್ ಎಸ್‌ಯುವಿಗಳಾದ ಬ್ರೆಝಾದ್ದು 198, ನೆಕ್ಸಾನ್‌ದು 208. ಮೂರು ನಾಲ್ಕು ಸೆಂಟಿಮೀಟರ್ ತಾನೇ ಅನ್ನಿಸಬಹುದು. ನಮ್ಮ ಹಳ್ಳಿ ರಸ್ತೆಯ ಹಂಪ್‌ಗಳ ಮೇಲೆ ಆ ಮೂರು ನಾಲ್ಕು ಸೆಂಟಿಮೀಟರೇ ಎಲ್ಲ. ರಸ್ತೆಗಳ ಮಾನದಂಡ ರೂಪಿಸುವ ಇಂಡಿಯನ್ ರೋಡ್ಸ್ ಕಾಂಗ್ರೆಸ್ ನಿಯಮದ ಪ್ರಕಾರ ಹಂಪ್ 10 ಸೆಂ.ಮೀ. ಎತ್ತರ, 3.7 ಮೀಟರ್ ಅಗಲ ಇರಬೇಕು. ಅಷ್ಟು ಅಗಲ ಇದ್ದರೆ ಮುಂದಿನ ಚಕ್ರ, ಹಿಂದಿನ ಚಕ್ರ ಎರಡೂ ಉಬ್ಬಿನ ಮೇಲೇ ಇರುತ್ತವೆ, ಯಾವ ಕಾರಿಗೂ ಪೆಟ್ಟಿಲ್ಲ. ಆದರೆ ಊರೊಳಗೆ ಹಾಕಿರುವುದು ಒಂದು ಮೊಳ ಅಗಲದ ದಿಬ್ಬ. ಮುಂದಿನ ಚಕ್ರ ದಾಟಿ ಇಳಿದ ಮೇಲೆ ಹಂಪು ಎರಡು ಚಕ್ರಗಳ ಮಧ್ಯೆ ಬರುತ್ತದೆ. ಉದ್ದನೆಯ ಸೆಡಾನ್ ಅಲ್ಲೇ ತಾಗುವುದು. ಐದು ಜನ ಕೂತು ಡಿಕ್ಕಿಯಲ್ಲಿ ಒಂದು ಅಕ್ಕಿ ಚೀಲವೂ ಇದ್ದರೆ ಸಸ್ಪೆನ್ಷನ್ ಇನ್ನಷ್ಟು ಕುಗ್ಗಿರುತ್ತದೆ, ಗ್ಯಾರಂಟಿ ಕೆರೆಯುತ್ತದೆ. ಈ ಗಾಡಿಗಳಲ್ಲಿ ಚಕ್ರದಿಂದ ಚಕ್ರಕ್ಕೆ ಸುಮಾರು ಎರಡೂವರೆ ಮೀಟರ್. ಎತ್ತರವೂ ಇದೆ. ಸದ್ದಿಲ್ಲದೆ ದಾಟುತ್ತವೆ.

ನಮ್ಮ ಮನೆಗೆ ಟಾರು ರಸ್ತೆಯಿಂದ ತೋಟದ ಅಂಚಿನಲ್ಲಿ ಮಣ್ಣು ದಾರಿ. ಜುಲೈ ಬಂದರೆ ಚಕ್ರ ಓಡಾಡುವ ಎರಡು ಕಡೆ ಕುಳಿ, ಮಧ್ಯದಲ್ಲಿ ಹುಲ್ಲು ಬೆಳೆದ ದಿಣ್ಣೆ. ಸೆಡಾನ್ ಕಾಲದಲ್ಲಿ ಮಳೆಗಾಲವಿಡೀ ಕಾರು ರಸ್ತೆ ಬದಿಯಲ್ಲೇ ನಿಲ್ಲುತ್ತಿತ್ತು. ಮನೆಗೆ ಕೊಡೆ ಹಿಡಿದು, ಜಿಗಣೆ ನೋಡಿಕೊಂಡು ನಡೆಯಬೇಕಿತ್ತು. ಈಗ ಬೇಲಿ ಬಾಯಿಗೆ ಅಡ್ಡ ಹಾಕಿದ ಉಣುಗೋಲು ಸರಿಸಿ ಸೀದಾ ಅಂಗಳಕ್ಕೆ. ಒಂದು ಮಾತು ಮಾತ್ರ ನೆನಪಿರಲಿ: ಈ ಗಾಡಿಗಳಲ್ಲಿ ಬಹುತೇಕ ಎಲ್ಲವೂ ಮುಂದಿನ ಎರಡು ಚಕ್ರದ ಮೇಲೆ ಮಾತ್ರ ಎಳೆಯುವಂಥವು. ಎತ್ತರ ಇದೆ ಅಂತ ಕೆಸರುಗದ್ದೆಗೆ ಇಳಿಸಬಾರದು. ಹೂತರೆ ಟ್ರ್ಯಾಕ್ಟರ್‌ನವರಿಗೇ ಫೋನ್ ಮಾಡಬೇಕು.

ಇನ್ನು ನನಗೆ ಸಿಟ್ಟು ಬರಿಸುವ ವಿಷಯ. ಬಾಗಿಲ ಕೆಳಗಿನ ಪಟ್ಟಿ.

ಬಾಗಿಲು ತೆಗೆದಾಗ ಕೆಳಗೆ ಒಂದು ಅಗಲವಾದ ಅಂಚು ಕಾಣುತ್ತದಲ್ಲ, ಅದನ್ನು ಹೇಳುತ್ತಿದ್ದೇನೆ. ನಮ್ಮ ಮಾಡೆಲ್‌ನಲ್ಲಿ ಬಾಗಿಲು ಆ ಅಂಚನ್ನು ಪೂರ್ತಿ ಮುಚ್ಚುವುದಿಲ್ಲ. ಮುಂದಿನ ಚಕ್ರ ಎಸೆದ ಕೆಸರೆಲ್ಲ ಅಲ್ಲೇ ಬಂದು ಮೆತ್ತಿಕೊಳ್ಳುತ್ತದೆ. ಇಳಿಯುವಾಗ ಕಾಲಿನ ಹಿಂಭಾಗ, ಮೀನಖಂಡದ ಹತ್ತಿರ, ಸರಿಯಾಗಿ ಅದಕ್ಕೇ ಒರೆಸುತ್ತದೆ. ಪ್ಯಾಂಟ್ ಆದರೆ ತೊಳೆಯಬಹುದು. ಅಮ್ಮನ ರೇಷ್ಮೆ ಸೀರೆಯ ಅಂಚಿಗೆ ಕೆಮ್ಮಣ್ಣು ಹತ್ತಿದರೆ? ನೆಂಟರ ಮನೆ ಗೃಹಪ್ರವೇಶಕ್ಕೆ ಹೋದಾಗ ಹಾಗೇ ಆಯಿತು. ಅಮ್ಮ ಏನೂ ಅನ್ನಲಿಲ್ಲ, ಆದರೆ ಊಟ ಮುಗಿಯುವವರೆಗೂ ಆ ಕಡೆ ಮಡಿಕೆಯನ್ನು ಕೈಯಲ್ಲಿ ಹಿಡಿದೇ ಇದ್ದರು. ವಯಸ್ಸಾದವರಿಗೆ ಹೇಳಿ ಮಾಡಿಸಿದಂಥ ಸೀಟು ಕೊಟ್ಟು, ಇಳಿಯುವ ಜಾಗದಲ್ಲೇ ಹೀಗೆ ಬಿಡುವುದು ಏನು ನ್ಯಾಯ? ಬಾಗಿಲನ್ನು ನಾಲ್ಕು ಬೆರಳು ಕೆಳಕ್ಕೆ ಇಳಿಸಿದ್ದರೆ ಮುಗಿಯುತ್ತಿತ್ತು. ಹಾಗೆ ಮಾಡಿದ ಕಾರುಗಳು ಇವೆ.

ಚಕ್ರದ ಹಿಂದೆ ಕೆಸರು ತಡೆಯುವ ಮಡ್‌ಫ್ಲ್ಯಾಪ್ ಹಾಕಿಸಿದ ಮೇಲೆ ಅರ್ಧ ಕಡಿಮೆಯಾಗಿದೆ. ಉಳಿದ ಅರ್ಧಕ್ಕೆ ನಾವೇ ಒಂದು ಕ್ರಮ ಮಾಡಿಕೊಂಡಿದ್ದೇವೆ. ಡ್ರೈವರ್ ಬಾಗಿಲ ಜೇಬಿನಲ್ಲಿ ಅಪ್ಪಯ್ಯನ ಹಳೆ ಪಂಚೆಯ ಎರಡು ತುಂಡು, ಒಂದು ಬಾಟಲಿ ನೀರು. ಗಾಡಿ ನಿಲ್ಲಿಸಿದ ಕೂಡಲೇ ನಾನು ಇಳಿದು ಈ ಕಡೆ ಬರುತ್ತೇನೆ, ಒದ್ದೆ ತುಂಡಿನಿಂದ ಒಮ್ಮೆ, ಒಣ ತುಂಡಿನಿಂದ ಒಮ್ಮೆ ಆ ಅಂಚು ಒರೆಸುತ್ತೇನೆ. ಅಷ್ಟು ಹೊತ್ತು ಅಮ್ಮ ಒಳಗೆ ಕೂತು ಕನ್ನಡಿ ನೋಡಿ ಕುಂಕುಮ ಸರಿ ಮಾಡಿಕೊಳ್ಳುತ್ತಾರೆ. ಮಗಳಿಗೂ ಈ ಕೆಲಸ ಈಗ ಇಷ್ಟ, ಬಟ್ಟೆಗಾಗಿ ನನ್ನ ಜೊತೆ ಜಗಳ ಆಡುತ್ತಾಳೆ.

ಎತ್ತರಕ್ಕೆ ತೆರಬೇಕಾದ ಬೆಲೆ ಇನ್ನೊಂದಿದೆ. ಘಾಟಿಯಲ್ಲಿ ಓಲಾಟ. ಮಣಿಪಾಲಕ್ಕೆ ತೋರಿಸಲು ಹೋಗುವಾಗ ನಮಗೆ ಆಗುಂಬೆ ಘಾಟಿಯೇ ದಾರಿ. ಅಲ್ಲಿ 14 ಹೇರ್‌ಪಿನ್ ತಿರುವು. ಭಾರ ಮೇಲಿದ್ದಷ್ಟೂ ತಿರುವಿನಲ್ಲಿ ಗಾಡಿ ಹೊರಗೆ ವಾಲುವುದು ಜಾಸ್ತಿ, ಇದು ಯಾವ ಕಂಪನಿ ಗಾಡಿಗೂ ತಪ್ಪಿದ್ದಲ್ಲ. ಸೆಡಾನ್‌ನಲ್ಲಿ ಹೋದ ವೇಗದಲ್ಲೇ ಇದರಲ್ಲಿ ತಿರುಗಿಸಿದರೆ ಹಿಂದೆ ಕೂತವರಿಗೆ ಹೊಟ್ಟೆ ತೊಳಸುತ್ತದೆ. ತಿರುವಿಗೆ ಮುಂಚೆಯೇ ಸೆಕೆಂಡ್ ಗೇರಿಗೆ ಇಳಿಸಿ, ಸ್ಟೇರಿಂಗ್ ಒಂದೇ ಸಮ ತಿರುಗಿಸಿ, ಮಧ್ಯೆ ಬ್ರೇಕ್ ಮುಟ್ಟದಿದ್ದರೆ ಏನೂ ತೊಂದರೆ ಇಲ್ಲ. ಕಾರು ಓಡಿಸುವ ಮಜಾ ಬೇಕು ಅನ್ನುವವರಿಗೆ ಇದು ಸಪ್ಪೆ ಅನ್ನಿಸಬಹುದು. ನನಗೆ ಹಿಂದಿನ ಸೀಟು ನೆಮ್ಮದಿಯಾಗಿದ್ದರೆ ಸಾಕು.

ಮೇಲೆ ಕೂತಾಗ ದೂರ ಚೆನ್ನಾಗಿ ಕಾಣುತ್ತದೆ. ಎದುರು ಬರುವ ಬಸ್ಸು ತಿರುವಿನ ಪೊದೆಯ ಮೇಲಿಂದ ಮುಂಚೆಯೇ ಗೊತ್ತಾಗುತ್ತದೆ. ಆದರೆ ಬಾನೆಟ್‌ನ ಬುಡದಲ್ಲಿ ಇರುವುದು ಕಾಣುವುದಿಲ್ಲ. ಮಕ್ಕಳಿರುವ ಮನೆಯವರು ಹೊರಡುವ ಮುಂಚೆ ಗಾಡಿ ಸುತ್ತ ಒಂದು ಸುತ್ತು ಬರಲೇಬೇಕು. ಇದರಲ್ಲಿ ರಾಜಿ ಇಲ್ಲ.

ದುಡ್ಡಿನ ವಿಷಯ ಚುಟುಕಾಗಿ. ಈ ಗಾಡಿಗಳ ಉದ್ದ ನಾಲ್ಕು ಮೀಟರ್ ಒಳಗೇ ಇರುವುದಕ್ಕೆ ಕಾರಣ ತೆರಿಗೆ. 1200 ಸಿ.ಸಿ. ದಾಟದ ಪೆಟ್ರೋಲ್ ಎಂಜಿನ್ ಇರುವ ಈ ಅಳತೆಯ ಕಾರಿಗೆ 2025ರ ಸೆಪ್ಟೆಂಬರ್ 22ರಿಂದ ಜಿಎಸ್‌ಟಿ ಶೇ. 18. ಅದಕ್ಕೂ ಮುಂಚೆ ಶೇ. 28, ಅದರ ಮೇಲೆ ಸೆಸ್ ಎಂಬ ಹೆಚ್ಚುವರಿ ತೆರಿಗೆ. ನಾವು ಹಳೆ ದರದಲ್ಲೇ ತೆಗೆದುಕೊಂಡವರು. ಕರ್ನಾಟಕದಲ್ಲಿ ಇನ್ನೊಂದು ಲೆಕ್ಕವೂ ಇದೆ. ಕಾರಿನ ಬೆಲೆ ಹತ್ತು ಲಕ್ಷ ದಾಟಿದರೆ, ನೋಂದಣಿ ವೇಳೆ ಒಮ್ಮೆಗೇ ಕಟ್ಟುವ ಲೈಫ್ ಟ್ಯಾಕ್ಸ್ ಶೇ. 14ರಿಂದ 17ಕ್ಕೆ ಏರುತ್ತದೆ. ಅದಕ್ಕೇ ನಾವು ಸನ್‌ರೂಫ್ ಬಿಟ್ಟು ಮಧ್ಯದ ವೇರಿಯಂಟ್‌ಗೆ ನಿಂತೆವು. ನಮ್ಮ ಕಡೆ ಮಳೆಗೆ ಮೇಲಿನ ಗಾಜು ತೆಗೆಯುವುದಾದರೂ ಯಾವಾಗ? ಮೈಲೇಜ್ ಸೆಡಾನ್‌ಗಿಂತ ಕಡಿಮೆ. ಟೈರು ದೊಡ್ಡದು, ಬದಲಾಯಿಸುವಾಗ ಬಿಲ್ಲೂ ದೊಡ್ಡದೇ. ಮೊದಲೇ ಎತ್ತಿಟ್ಟುಕೊಳ್ಳಿ.

ನೋಡಲು ಹೋಗುವವರಿಗೆ ಒಂದೆರಡು ಮಾತು. ಸೀಟು ನೆಲದಿಂದ ಎಷ್ಟು ಎತ್ತರ ಎಂಬುದು ನಾನು ನೋಡಿದ ಯಾವ ಬ್ರೋಷರ್‌ನಲ್ಲೂ ಇರಲಿಲ್ಲ. ಹಾಗಾಗಿ ಮನೆಯ ಹಿರಿಯರನ್ನು ಶೋರೂಮಿಗೆ ಕರೆದುಕೊಂಡೇ ಹೋಗಿ. ಅಮ್ಮ ಇದ್ದರೆ ಸೀರೆಯಲ್ಲೇ ಬರಲಿ. ಮುಂದೆ ಮಾತ್ರವಲ್ಲ, ಹಿಂದಿನ ಸೀಟಿನಲ್ಲೂ ನಾಲ್ಕು ಸಲ ಕೂತು ಎದ್ದು ನೋಡಲಿ. ಕೆಲವು ಕಾರುಗಳಲ್ಲಿ ಹಿಂದಿನ ಬಾಗಿಲು ಪೂರ್ತಿ ತೆರೆಯುವುದಿಲ್ಲ, ಇನ್ನು ಕೆಲವಕ್ಕೆ ಮೇಲಿನ ಹಿಡಿಯೇ ಇರುವುದಿಲ್ಲ. ಮಧ್ಯೆ ನೀವು ಕೆಳಗೆ ಬಗ್ಗಿ ಬಾಗಿಲು ಹಾಕಿ ನೋಡಿ, ಆ ಅಂಚು ಮುಚ್ಚುತ್ತದೆಯೋ ಇಲ್ಲವೋ ಅಂತ. ಮುಚ್ಚದಿದ್ದರೆ ಮಡ್‌ಫ್ಲ್ಯಾಪ್ ಫ್ರೀ ಹಾಕಿಕೊಡಿ ಅಂತ ಬುಕ್ ಮಾಡುವ ಮುಂಚೆಯೇ ಕೇಳಿ. ಬುಕ್ ಮಾಡಿದ ಮೇಲೆ ಯಾರೂ ಕೊಡುವುದಿಲ್ಲ.